ಹಲಸಿನ ಹೊರೆ ಮತ್ತು ಮಹಾವೀರಾಚಾರ್ಯ

ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಗಣಿತವನ್ನು ಹೇಳಿಕೊಟ್ಟವನು ನಾನು. ಕಾಲ, ವೇಗ, ದೂರ ಎಂಬ ಪಾಠವೂ ಅದರ ಬೆನ್ನಿಗೇ ಬರುವ ಕಾಲ ಮತ್ತು ಕೆಲಸ ಎಂಬ ಪಾಠವೂ ಬಂದಾಗ ತರಗತಿಯ ಮುಖ ಬಾಡುವುದನ್ನು ವರ್ಷ ವರ್ಷವೂ ಕಂಡಿದ್ದೇನೆ. ಇಬ್ಬರು ಪ್ರಯಾಣಿಕರು ಎರಡು ಊರುಗಳಿಂದ ಹೊರಡುತ್ತಾರೆ. ಏತಕ್ಕೆ ಹೊರಟರೆಂದು ಪುಸ್ತಕ ಹೇಳುವುದಿಲ್ಲ. ತೊಟ್ಟಿಗೆ ಎರಡು ನಲ್ಲಿಗಳು ನೀರು ತುಂಬುತ್ತವೆ, ಮೂರನೆಯದು ಅದನ್ನು ಬರಿದು ಮಾಡುತ್ತದೆ. ಆ ಮೂರನೆಯದನ್ನು ನಿಲ್ಲಿಸುವ ಪುಣ್ಯಾತ್ಮ ಯಾರೂ ಇಲ್ಲ. ಗೋಡೆ ಕಟ್ಟುವವರಿಗೆ ಹೆಸರಿಲ್ಲ. ಒಬ್ಬ ‘ಅ’, ಇನ್ನೊಬ್ಬ ‘ಬ’. ನೇಯ್ಗೆಯ ಮನೆಯಿಂದ ಬಂದ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು, ಇವರಿಬ್ಬರೂ ಕೂಡಿ ಆರು ದಿನದಲ್ಲಿ ಕೆಲಸ ಮುಗಿಸುವುದೇನೋ ಸರಿ, ಕೂಲಿಯನ್ನು ಹೇಗೆ ಹಂಚಿಕೊಂಡರು ಎಂದು ಕೇಳಿದಳು. ಅವಳ ಮನೆಯಲ್ಲಿ ಮಗ್ಗ ನಡೆಯುತ್ತಿದ್ದುದರಿಂದ ಕೆಲಸವೆಂದರೆ ಕೂಲಿಯೆಂಬುದು ಅವಳಿಗೆ ಸಹಜವಾಗಿ ತಿಳಿದಿತ್ತು. ಅದು ಪಠ್ಯದಲ್ಲಿಲ್ಲವೆಂದು ಹೇಳಿ ನಾನು ಮುಂದಿನ ಲೆಕ್ಕಕ್ಕೆ ಹೋದೆ. ಹಾಗೆ ಹೋದದ್ದು ತಪ್ಪೆಂದು ನನಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಅವಳ ಪ್ರಶ್ನೆಗೆ ನಮ್ಮ ನಾಡಿನವನೇ ಒಬ್ಬನು ಸಾವಿರದ ನೂರು ವರ್ಷಗಳಿಗೂ ಹಿಂದೆ ಉತ್ತರ ಬರೆದಿಟ್ಟಿದ್ದನು. ಅವನು ‘ಗಣಿತಸಾರಸಂಗ್ರಹ’ದ ಕರ್ತೃ ಮಹಾವೀರಾಚಾರ್ಯ. ಇಂದು ಅವನ ಚರಿತ್ರೆಯನ್ನು ಬರೆಯಬೇಕೆಂದು ಹೊರಟಿದ್ದೇನೆ.

ಚರಿತ್ರೆಯೆಂದೆನಷ್ಟೆ. ವಾಚಕರು ತಂದೆತಾಯಿಗಳ ಹೆಸರನ್ನೂ ಹುಟ್ಟಿದ ತಿಥಿಯನ್ನೂ ನಿರೀಕ್ಷಿಸಿದರೆ ನಿರಾಶರಾಗುತ್ತಾರೆ. ನಮ್ಮ ಪ್ರಾಚೀನರಲ್ಲಿ ಪಂಪನಂಥವರು ತಮ್ಮ ವಂಶವನ್ನು ಕೊಂಡಾಡಿಕೊಂಡದ್ದುಂಟು. ಈ ಆಚಾರ್ಯನಿಗೆ ಆ ಚಪಲವಿರಲಿಲ್ಲ. ತನ್ನ ಗ್ರಂಥದ ಮೊದಲಲ್ಲಿ ತನ್ನ ಹೆಸರಿನವನೇ ಆದ ತೀರ್ಥಂಕರನಿಗೆ ವಂದಿಸಿದನು. ತನ್ನ ಕಾಲದ ದೊರೆಯಾದ ಅಮೋಘವರ್ಷ ನೃಪತುಂಗನನ್ನು ಕೆಲವು ಶ್ಲೋಕಗಳಲ್ಲಿ ಹೊಗಳಿದನು. ಅಲ್ಲಿಂದ ಮುಂದೆ ಲೆಕ್ಕ, ಮತ್ತೆ ಲೆಕ್ಕ. ಆದರೆ ಸಾವಿರದ ನೂರಕ್ಕೂ ಮೀರಿದ ಶ್ಲೋಕಗಳಲ್ಲಿ ಉದಾಹರಣೆಗಳನ್ನು ಕಟ್ಟಿದ ಮನುಷ್ಯ ತನ್ನನ್ನು ಎಷ್ಟೆಂದು ಮರೆಸಿಕೊಂಡಾನು? ಅವನು ಕಣ್ಣಿಟ್ಟು ನೋಡಿದ್ದೆಲ್ಲ ಅಲ್ಲಿದೆ. ಆ ಲೆಕ್ಕಗಳೇ ಅವನ ಬಾಳಿನ ದಿನಚರಿ ಎಂದು ನಾನು ಭಾವಿಸಿದ್ದೇನೆ.

ಮೊದಲು ಕಾಲದ ಮಾತು. ನೃಪತುಂಗನು 814ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ರಾಷ್ಟ್ರಕೂಟರ ಸಿಂಹಾಸನವನ್ನೇರಿ ಸುಮಾರು ಅರವತ್ತನಾಲ್ಕು ವರ್ಷ ಆಳಿದನು. ರಾಜಧಾನಿ ಮಾನ್ಯಖೇಟ, ಈಗ ಅದು ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡವೆಂಬ ಊರು. 851ರ ಸುಮಾರಿನಲ್ಲಿ ಅರಬ್ಬೀ ವರ್ತಕ ಸುಲೈಮಾನನು ಲೋಕದ ನಾಲ್ವರು ಮಹಾರಾಜರಲ್ಲಿ ಈ ರಾಷ್ಟ್ರಕೂಟ ದೊರೆಯನ್ನೂ ಎಣಿಸಿದ್ದಾನೆ. ಆ ಆಸ್ಥಾನದ ಸುತ್ತ ಎಂಥ ವಿದ್ವಾಂಸರಿದ್ದರು! ಆದಿಪುರಾಣದ ಜಿನಸೇನ, ವ್ಯಾಕರಣದ ಶಾಕಟಾಯನ, ವೈದ್ಯದ ಉಗ್ರಾದಿತ್ಯ. ಕನ್ನಡದಲ್ಲಿ ನಮಗೆ ಉಳಿದು ಬಂದ ಅತಿ ಹಳೆಯ ಗ್ರಂಥವಾದ ಕವಿರಾಜಮಾರ್ಗವೂ ಅಲ್ಲಿಯದೇ. ಕಾವ್ಯಕ್ಕೆ ದಾರಿ ತೋರಿಸುವ ಕೃತಿಯೂ ಲೆಕ್ಕಕ್ಕೆ ದಾರಿ ತೋರಿಸುವ ಕೃತಿಯೂ ಒಬ್ಬನೇ ದೊರೆಯ ನೆರಳಿನಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಅಂದರೆ 850ರ ಆಸುಪಾಸಿನಲ್ಲಿ ಹುಟ್ಟಿದವು. ಮೊದಲನೆಯದನ್ನು ನಾವು ಶಾಲೆಯಲ್ಲಿ ಕೊಂಡಾಡುತ್ತೇವೆ. ಎರಡನೆಯದರ ಹೆಸರನ್ನಾದರೂ ಬಲ್ಲ ವಿದ್ಯಾರ್ಥಿ ಅಪರೂಪ.

ಆ ರಾಜ್ಯ ನಮ್ಮ ಸೀಮೆಗೆ ದೂರದ್ದೆಂದು ತಿಳಿಯಬಾರದು. ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಊರಿದೆ. ಈಗ ಅಲ್ಲಿಗೆ ಹೋದರೆ ಕಪಿಲೇಶ್ವರನ ಹಳೆಯ ಗುಡಿಯೂ ಹೊಲಗಳ ನಡುವೆ ಬಿದ್ದಿರುವ ಕೆತ್ತನೆಯ ಕಲ್ಲುಗಳೂ ಕಾಣುತ್ತವೆ. ಅದು ಗಂಗರ ಮಾನ್ಯಪುರ. ಶ್ರೀಪುರುಷನು ಅಲ್ಲಿಂದ ರಾಜ್ಯವಾಳಿದನು. ಗಂಗರ ಸೇನಾನಿ ಶ್ರೀವಿಜಯನು ಅಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದ್ದನು. ಅದಕ್ಕೆ ಸಂಬಂಧಪಟ್ಟ ತಾಮ್ರಪಟಗಳು 797ರದೊಂದು, 802ರದೊಂದು ದೊರೆತಿವೆ. ಎರಡನೆಯದನ್ನು ಕೊಡಿಸಿದವನು ಗಂಗವಾಡಿಯನ್ನು ಆಳುತ್ತಿದ್ದ ರಾಷ್ಟ್ರಕೂಟ ರಾಜಪುತ್ರ ಸ್ತಂಭ. ನೃಪತುಂಗನ ಕಾಲದಲ್ಲಿ ಗಂಗರಿಗೂ ರಾಷ್ಟ್ರಕೂಟರಿಗೂ ದೀರ್ಘವಾದ ಕಲಹ ನಡೆಯಿತು. ಅವನ ದಂಡನಾಯಕ ಬಂಕೇಯನು ಕೇದಾಲದ ಕೋಟೆಯನ್ನು ಹಿಡಿದನೆಂದು ಕೊಣ್ಣೂರಿನ ಶಾಸನ ಹೇಳುತ್ತದೆ. ಅದು ತುಮಕೂರಿನ ಬಳಿಯ ಕೈದಾಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಡೆಗೆ ದೊರೆ ತನ್ನ ಮಗಳನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಸಮಾಧಾನ ಮಾಡಿಕೊಂಡನು. ಸೈನ್ಯಗಳು ಮಾನ್ಯಖೇಟದಿಂದ ಇಲ್ಲಿಗೆ ಎಷ್ಟು ದಿನದಲ್ಲಿ ಬರುತ್ತವೆ, ದವಸದ ಎತ್ತುಗಳು ದಿನಕ್ಕೆ ಎಷ್ಟು ಹರಿದಾರಿ ಸಾಗುತ್ತವೆ, ಹೊತ್ತವರಿಗೆ ಏನು ಕೊಡಬೇಕು, ಇಂಥ ಎಣಿಕೆಗಳಿಲ್ಲದೆ ಅಷ್ಟು ದೊಡ್ಡ ರಾಜ್ಯ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ನಡಿಗೆಯ ಲೆಕ್ಕವೂ ಕೂಲಿಯ ಲೆಕ್ಕವೂ ಆಗ ಪರೀಕ್ಷೆಗೆ ಓದುವ ವಿಷಯವಾಗಿರಲಿಲ್ಲ.

ಮಹಾವೀರಾಚಾರ್ಯನಿಗಿಂತ ಹಿಂದೆ ಆರ್ಯಭಟನೂ ಬ್ರಹ್ಮಗುಪ್ತನೂ ಗಣಿತವನ್ನು ಬರೆದಿದ್ದರು. ಆದರೆ ಅವರಿಗೆ ಗಣಿತವು ಜ್ಯೋತಿಷದ ಮನೆಯಲ್ಲಿ ಒಂದು ಕೋಣೆ. ಗ್ರಹಗಳ ಚಲನೆಗೆ ಬೇಕಾದಷ್ಟನ್ನು ಒಂದೆರಡು ಅಧ್ಯಾಯಗಳಲ್ಲಿ ಹೇಳಿ ಅವರು ಆಕಾಶಕ್ಕೆ ಏರಿಬಿಡುತ್ತಾರೆ. ನಮ್ಮ ಆಚಾರ್ಯ ಆಕಾಶಕ್ಕೆ ಏರಲೇ ಇಲ್ಲ. ಅವನ ಒಂಬತ್ತು ಅಧ್ಯಾಯಗಳೂ ಗಣಿತಕ್ಕೇ ಮೀಸಲು: ಪರಿಭಾಷೆ, ಪರಿಕರ್ಮ, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆ. ಲೋಕದ ವ್ಯವಹಾರವಾಗಲಿ ವೈದಿಕವಾಗಲಿ, ಅಡಿಗೆಯಾಗಲಿ ಸಂಗೀತವಾಗಲಿ, ವೈದ್ಯವಾಗಲಿ ಮನೆ ಕಟ್ಟುವುದಾಗಲಿ, ಛಂದಸ್ಸಾಗಲಿ ತರ್ಕವಾಗಲಿ, ಎಣಿಕೆಯನ್ನು ಬಿಟ್ಟು ಯಾವುದೂ ಇಲ್ಲವೆಂಬುದು ಅವನ ಪೀಠಿಕೆಯ ಭಾವ. ಗಣಿತವು ಇನ್ನೊಂದು ಶಾಸ್ತ್ರದ ಊಳಿಗದವಳಲ್ಲ, ಮನೆಯೊಡತಿ ಎಂದು ತೋರಿಸಿದ ಧೈರ್ಯ ಸಣ್ಣದಲ್ಲ.

ಪರಿಭಾಷೆಯ ಅಧ್ಯಾಯದಲ್ಲಿ ಅವನು ಕಾಲವನ್ನೂ ದೂರವನ್ನೂ ಅಳೆಯುವ ರೀತಿ ರಮ್ಯವಾಗಿದೆ. ದೂರ ಅಂಗುಲದಿಂದ ಮೇಲಕ್ಕೇರುತ್ತದೆ: ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಹಸ್ತವನ್ನು ಒಂದೂವರೆ ಅಡಿಯೆಂದಿಟ್ಟುಕೊಂಡರೆ ಯೋಜನವು ಒಂಬತ್ತು ಮೈಲಿಗೆ ಸ್ವಲ್ಪ ಹೆಚ್ಚು; ಹೊರೆ ಹೊತ್ತವನಿಗೆ ಅದು ಒಂದು ದಿನದ ದಾರಿ. ಕಾಲವನ್ನು ಅವನು ಉಸಿರಿನಿಂದ ಅಳೆಯುತ್ತಾನೆ. ಏಳು ಉಚ್ಛ್ವಾಸಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, ಮೂವತ್ತೆಂಟೂವರೆ ಲವಕ್ಕೆ ಒಂದು ಘಟಿ, ಎರಡು ಘಟಿಗೆ ಒಂದು ಮುಹೂರ್ತ, ಮೂವತ್ತು ಮುಹೂರ್ತಕ್ಕೆ ಒಂದು ದಿನ. ಗುಣಿಸಿ ನೋಡಿದರೆ ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುತ್ತವೆ. ಮುಹೂರ್ತವೆಂದರೆ ನಮ್ಮ ನಲವತ್ತೆಂಟು ನಿಮಿಷ. ಹಾಗಾದರೆ ನಿಮಿಷಕ್ಕೆ ಎಪ್ಪತ್ತೆಂಟಕ್ಕೂ ಹೆಚ್ಚು! ಅಷ್ಟು ಉಸಿರಾಡುವವನಿಗೆ ವೈದ್ಯರ ಅಗತ್ಯವಿದೆ. ಆದರೆ ಆರೋಗ್ಯವಂತನ ನಾಡಿ ಸುಮಾರು ಆ ವೇಗದಲ್ಲಿಯೇ ಮಿಡಿಯುತ್ತದೆ. ಜೈನ ಪರಂಪರೆಯಿಂದ ಬಂದ ಈ ಮಾನವನ್ನು ಮೊದಲು ಎಣಿಸಿದವನು ಕೈಯ ನಾಡಿಯ ಮೇಲೆ ಬೆರಳಿಟ್ಟುಕೊಂಡಿದ್ದನೋ ಏನೋ ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ವಾಚಕರು ಒಪ್ಪಬೇಕೆಂದಿಲ್ಲ.

ಈ ಅಳತೆಗಳನ್ನು ಕೈಗೆ ಕೊಟ್ಟಮೇಲೆ ಅವನು ಶಿಷ್ಯನನ್ನು ನಡೆಸುತ್ತಾನೆ. ತ್ರೈರಾಶಿಕದ ಅಧ್ಯಾಯದಲ್ಲಿ ಕುಂಟನ ನಡಿಗೆಯಿದೆ, ಹುಳುವಿನ ಹರಿದಾಟವಿದೆ. ಹುಳುವೊಂದು ದಿನದ ಎಂಟನೆಯ ಒಂದು ಪಾಲಿನಲ್ಲಿ ಅಂಗುಲದ ಕಾಲು ಭಾಗ ಸರಿಯುತ್ತದೆ. ಅದು ಮೇರುಪರ್ವತದ ಬುಡದಿಂದ ತುದಿಯನ್ನು ಎಷ್ಟು ದಿನದಲ್ಲಿ ಮುಟ್ಟೀತು? ಜೈನರ ಎಣಿಕೆಯಲ್ಲಿ ಮೇರುವಿನ ಎತ್ತರ 99,000 ಯೋಜನ. ದಿನಕ್ಕೆ ಎರಡು ಅಂಗುಲದಂತೆ ಹತ್ತಿದರೆ 3801 ಕೋಟಿ 60 ಲಕ್ಷ ದಿನ ಬೇಕು. ಅಂದರೆ ಹತ್ತು ಕೋಟಿ ವರ್ಷಕ್ಕೂ ಮೀರಿ. ದೊಡ್ಡ ಸಂಖ್ಯೆಗೆ ಹೆದರುವ ಮಕ್ಕಳಿಗೆ ನಾನು ಈ ಲೆಕ್ಕವನ್ನು ಕೊಡುವುದುಂಟು. ಅವರು ಉತ್ತರಕ್ಕಿಂತ ಹೆಚ್ಚಾಗಿ ಹುಳುವಿನ ಮೇಲೆ ಮರುಕಪಡುತ್ತಾರೆ. ಆಚಾರ್ಯನಿಗೂ ಅದೇ ಬೇಕಾಗಿತ್ತೆಂದು ತೋರುತ್ತದೆ. ಆಲಸ್ಯವಿಲ್ಲದಿರುವುದು ಅವನು ಗಣಿತಜ್ಞನಿಗೆ ಹೇಳಿದ ಎಂಟು ಗುಣಗಳಲ್ಲಿ ಒಂದು; ಆ ಗುಣ ಈ ಹುಳುವಿಗೆ ಪೂರ್ಣವಾಗಿ ಇದೆ.

ಆ ಎಂಟು ಗುಣಗಳಲ್ಲಿ ಲಘುಕರಣವೂ ಒಂದು. ಲೆಕ್ಕವನ್ನು ಚಿಕ್ಕದಾಗಿ, ಬೇಗ ಮಾಡಿ ಮುಗಿಸುವ ಜಾಣ್ಮೆ. ಇಂದು ಬ್ಯಾಂಕಿನ ಪರೀಕ್ಷೆಗೂ ರೈಲ್ವೆಯ ಪರೀಕ್ಷೆಗೂ ಕೂರುವ ತರುಣರು ಹುಡುಕುವುದು ಇದನ್ನೇ. ಆದರೆ ಆಚಾರ್ಯನು ಅದರ ಜೊತೆಗೇ ಊಹೆಯನ್ನೂ ಅಪೋಹವನ್ನೂ, ಅಂದರೆ ತಪ್ಪಾದುದನ್ನು ತಳ್ಳಿಹಾಕುವ ಶಕ್ತಿಯನ್ನೂ ಕೇಳುತ್ತಾನೆ. ಬೇಗ ತಪ್ಪು ಉತ್ತರ ಹೇಳುವವನು ಅವನ ಪಟ್ಟಿಯಲ್ಲಿ ಗಣಿತಜ್ಞನಲ್ಲ.

ಮುಂದಿನದು ಹಾವಿನ ಲೆಕ್ಕ. ಬಲಿಷ್ಠವಾದ ಕರಿನಾಗರವೊಂದು ಎಂಬತ್ತು ಅಂಗುಲ ಉದ್ದವಿದೆ. ದಿನದ 5/14 ಭಾಗದಲ್ಲಿ ಏಳೂವರೆ ಅಂಗುಲದಂತೆ ಬಿಲವನ್ನು ಹೊಗುತ್ತಿದೆ. ಹೊಗುತ್ತಿರುವಾಗಲೇ ಅದರ ಬಾಲ ಕಾಲು ದಿನಕ್ಕೆ 11/4 ಅಂಗುಲದಂತೆ ಬೆಳೆಯುತ್ತಿದೆ. ಪೂರ್ತಿ ಒಳಗೆ ಹೋಗಲು ಎಷ್ಟು ದಿನ? ಭಿನ್ನರಾಶಿಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ದಿನಕ್ಕೆ ಹೊಗುವುದು ಇಪ್ಪತ್ತೊಂದು ಅಂಗುಲ, ಬೆಳೆಯುವುದು ಹನ್ನೊಂದು. ನಿಜವಾಗಿ ಸಂದದ್ದು ಹತ್ತು. ಎಂಟನೆಯ ದಿನ ಮುಗಿಯುವಾಗ ಬಾಲದ ತುದಿ ಮರೆಯಾಗುತ್ತದೆ. ಮುಂದೆ ಹೋಗುವ ವೇಗದಿಂದ ಹಿಂದಕ್ಕೆ ಎಳೆಯುವ ವೇಗವನ್ನು ಕಳೆದು ಉಳಿದುದಕ್ಕೆ ತ್ರೈರಾಶಿಕವನ್ನು ಹಚ್ಚಬೇಕೆಂಬುದು ಅವನು ಹೇಳಿದ ಸೂತ್ರ. ಸೋರುವ ತೊಟ್ಟಿ, ಕಂಬ ಹತ್ತಿ ಜಾರುವ ಕೋತಿ, ಹೊಳೆಯ ಸೆಳವಿಗೆ ಎದುರಾಗಿ ಹೋಗುವ ದೋಣಿ, ನಮ್ಮ ಪುಸ್ತಕಗಳಲ್ಲಿರುವ ಇವೆಲ್ಲ ಈ ಹಾವಿನ ಬಳಗ.

ನಲ್ಲಿಗಳೂ ಅವನಲ್ಲಿವೆ. ನಾಲ್ಕು ಕಾಲುವೆಗಳು ಒಂದು ಬಾವಿಯನ್ನು ಕ್ರಮವಾಗಿ ಅರ್ಧ, ಮೂರನೆಯ ಒಂದು, ಕಾಲು, ಐದನೆಯ ಒಂದು ದಿನದಲ್ಲಿ ತುಂಬುತ್ತವೆ; ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ? ದಿನಕ್ಕೆ ಎರಡು, ಮೂರು, ನಾಲ್ಕು, ಐದು ಬಾವಿಗಳಂತೆ ಒಟ್ಟು ಹದಿನಾಲ್ಕು ಬಾವಿಗಳ ನೀರು. ಆದ್ದರಿಂದ ಒಂದು ಬಾವಿಗೆ ದಿನದ ಹದಿನಾಲ್ಕನೆಯ ಒಂದು ಪಾಲು. ಅವನದೇ ಮಾನದಲ್ಲಿ ಹೇಳಿದರೆ ಸರಿಯಾಗಿ 8085 ಉಚ್ಛ್ವಾಸ. ಇಲ್ಲಿಗೆ ನಿಲ್ಲಿಸುವುದು ನಮ್ಮ ಪದ್ಧತಿ. ಅವನು ನಿಲ್ಲಿಸುವುದಿಲ್ಲ, ಒಂದೊಂದು ಕಾಲುವೆಯೂ ಬಾವಿಯ ಎಷ್ಟೆಷ್ಟು ಭಾಗವನ್ನು ತುಂಬಿತೆಂದು ಮತ್ತೆ ಕೇಳುತ್ತಾನೆ. ಹದಿನಾಲ್ಕರಲ್ಲಿ ಎರಡು ಪಾಲು, ಮೂರು ಪಾಲು, ನಾಲ್ಕು ಪಾಲು, ಐದು ಪಾಲು. ಕೂಡಿ ಮಾಡಿದ ಕೆಲಸದಲ್ಲಿ ಯಾರ ಪಾಲು ಎಷ್ಟೆಂದು ತಿಳಿಯದೆ ಅವನಿಗೆ ನೆಮ್ಮದಿಯಿಲ್ಲ. ನನ್ನ ತರಗತಿಯ ನೇಕಾರರ ಹುಡುಗಿ ಕೇಳಿದ್ದೂ ಇದೇ ಅಲ್ಲವೆ?

ಜೊತೆಯಾಗಿ ಹೊರಟವರು ಮತ್ತೆ ಎಂದು ಸೇರುತ್ತಾರೆಂಬುದಕ್ಕೂ ಅವನ ಸೂತ್ರವಿದೆ. ಒಬ್ಬನು ಒಂದೇ ಸಮನಾಗಿ ನಡೆಯುತ್ತಾನೆ, ಇನ್ನೊಬ್ಬನು ನಿಧಾನವಾಗಿ ಹೊರಟು ದಿನದಿನಕ್ಕೂ ವೇಗವನ್ನು ಹೆಚ್ಚಿಸುತ್ತಾನೆ. ಸ್ಥಿರವಾದ ವೇಗದಿಂದ ಎರಡನೆಯವನ ಮೊದಲ ದಿನದ ವೇಗವನ್ನು ಕಳೆದು, ದಿನದ ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕು. ನಾನು ಮಕ್ಕಳಿಗೆ ಹೇಳುವ ಅಂಕಿಗಳು ಇವು: ಮೊದಲನೆಯವನು ದಿನಕ್ಕೆ 16 ಮೈಲಿ, ಎರಡನೆಯವನು ಮೊದಲ ದಿನ 10 ಮೈಲಿ, ಆಮೇಲೆ ದಿನಕ್ಕೆ 2 ಮೈಲಿ ಹೆಚ್ಚು. ಏಳನೆಯ ದಿನದ ಸಂಜೆ ಇಬ್ಬರೂ 112 ಮೈಲಿ ನಡೆದು ಒಂದೇ ಛತ್ರದಲ್ಲಿ ಇಳಿಯುತ್ತಾರೆ. ಕೂಡಿಸಿ ನೋಡಿಕೊಳ್ಳಬಹುದು.

ಇಷ್ಟೆಲ್ಲ ಇದ್ದರೂ ಈ ಲೇಖನವನ್ನು ಬರೆಯುವಂತೆ ನನ್ನನ್ನು ಒತ್ತಾಯಿಸಿದ್ದು ಮಿಶ್ರಕದ ಅಧ್ಯಾಯದ ಒಂದೇ ಒಂದು ಲೆಕ್ಕ. ಅದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಮಾತನ್ನು ಹೇಳಬೇಕಾಗಿದೆ.

ನಮ್ಮ ಹಳ್ಳಿ ತೂಬಗೆರೆಯ ಕಡೆಯದು. ಆ ಸೀಮೆಯ ಹಲಸಿನ ರುಚಿಯನ್ನು ಬೆಂಗಳೂರಿನವರೂ ಬಲ್ಲರು. ನನ್ನ ಚಿಕ್ಕತಾತ ಹಂಗಾಮಿನಲ್ಲಿ ಒಬ್ಬ ಜಮೀನುದಾರರ ತೋಪಿನ ಹಣ್ಣನ್ನು ಕಾವಡಿಯಲ್ಲಿ ಹೊತ್ತು ದೊಡ್ಡಬಳ್ಳಾಪುರದ ಸಂತೆಗೆ ತರುತ್ತಿದ್ದರು. ಕೂಲಿ ದುಡ್ಡಿನಲ್ಲಿ ಅಲ್ಲ. ಹೊತ್ತ ಹಣ್ಣಿನಲ್ಲೇ ಇಷ್ಟೆಂದು ಮಾತು. ಒಂದು ಸಲ ನಡುದಾರಿಯಲ್ಲಿ ಅವರ ಕಾಲು ಉಳುಕಿ ಕೂತುಬಿಟ್ಟರು; ಬೇರೊಬ್ಬ ಕಾವಡಿಯನ್ನು ಮುಂದಕ್ಕೆ ಒಯ್ದನು. ಅರ್ಧ ದಾರಿಗೆ ಅರ್ಧ ಕೂಲಿಯೆಂದು ಜಮೀನುದಾರರು ತೀರ್ಮಾನಿಸಿದರು. ಅದರಲ್ಲಿ ಏನು ತಪ್ಪಿದೆಯೆಂದು ಯಾರೂ ಹೇಳಲಾರರು. ಚಿಕ್ಕತಾತನಿಗೂ ಹೇಳಲು ಬರಲಿಲ್ಲ. ಆದರೆ ತನಗೆ ಸಲ್ಲಬೇಕಾದ್ದು ಪೂರಾ ಸಲ್ಲಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ಮುದಿತನದಲ್ಲಿ ಜಗುಲಿಯ ಮೇಲೆ ಕುಳಿತು ಆ ದಿನದ ಮಾತನ್ನು ಎತ್ತಿದರೆ ಮನೆಯವರು ನಗುತ್ತಿದ್ದರು. ನಾನೂ ನಕ್ಕವನೇ. ಲೆಕ್ಕ ಕಲಿತ ಹುಡುಗನಾಗಿ ಅರ್ಧಕ್ಕೆ ಅರ್ಧ ಸರಿಯೆಂದು ಅವರಿಗೆ ತಿಳಿಹೇಳಿದ್ದೂ ಉಂಟು.

ಮಹಾವೀರಾಚಾರ್ಯನ ಲೆಕ್ಕ ಹೀಗಿದೆ. ಮೂವತ್ತೆರಡು ಹಲಸಿನ ಹಣ್ಣುಗಳನ್ನು ಒಂದು ಯೋಜನ ದೂರ ಹೊತ್ತು ತಲುಪಿಸಿದರೆ ಅವುಗಳಲ್ಲಿ ಏಳೂವರೆ ಹಣ್ಣು ಕೂಲಿ. ಹೊತ್ತವನು ಅರ್ಧ ದಾರಿಯಲ್ಲಿ ಕುಸಿದನು. ಅವನಿಗೆ ಎಷ್ಟು ಸಲ್ಲಬೇಕು? ಒಬ್ಬನೇ ಮೂವತ್ತೆರಡು ಹಲಸನ್ನು ಹೊತ್ತನೆಂದರೆ ನಮ್ಮ ಕಡೆಯವರು ನಂಬುವುದಿಲ್ಲ. ಗಣಿತದ ಕೂಲಿಯವರು ಎಂದಿನಿಂದಲೂ ಬಲಶಾಲಿಗಳು. ಅದಿರಲಿ. ನಮ್ಮ ಜಮೀನುದಾರರೂ ನಾನೂ ಹೇಳುವ ಉತ್ತರ ಮೂರೂ ಮುಕ್ಕಾಲು. ಆಚಾರ್ಯನ ಉತ್ತರ ನಾಲ್ಕು.

ಏಕೆ? ಕೂಲಿಯು ಹೊರೆಯಿಂದಲೇ ತೆಗೆಯತಕ್ಕದ್ದು. ಮೊದಲ ಅರ್ಧ ದಾರಿಯಲ್ಲಿ ಅವನ ಹೆಗಲ ಮೇಲೆ ಇದ್ದದ್ದು ಪೂರಾ ಮೂವತ್ತೆರಡು. ಅಲ್ಲಿಯವರೆಗಿನ ಕೂಲಿಯನ್ನು ಎತ್ತಿಟ್ಟ ಮೇಲೆ ಮಿಕ್ಕ ದಾರಿಗೆ ಉಳಿಯುವ ಹೊರೆ ಅದಕ್ಕಿಂತ ಕಡಮೆ. ದಾರಿ ಸಮವಾದರೂ ಶ್ರಮ ಸಮವಲ್ಲ. ಆದ್ದರಿಂದ ಎರಡು ಅರ್ಧಗಳ ಕೂಲಿಯೂ ಸಮವಾಗಿರಬಾರದು, ಹೊರೆಗೆ ತಕ್ಕಂತೆ ಇರಬೇಕು. ಅವನ ಸೂತ್ರ ಯಾವ ದೂರಕ್ಕಾದರೂ ಹೊಂದುವಂಥದು. ಅರ್ಧ ದಾರಿಗೆ ಅದನ್ನು ಸರಳವಾಗಿ ಹೀಗೆ ಮಾಡಬಹುದು. ಮೂವತ್ತೆರಡರ ವರ್ಗ 1024. ಮೂವತ್ತೆರಡನ್ನು ಏಳೂವರೆಯಿಂದ ಗುಣಿಸಿದರೆ 240. ಕಳೆದರೆ 784, ಅದರ ವರ್ಗಮೂಲ 28. ಮೂವತ್ತೆರಡರಿಂದ ಇಪ್ಪತ್ತೆಂಟು ಹೋದರೆ ನಾಲ್ಕು. ಪರೀಕ್ಷಿಸಿ ನೋಡೋಣ: ಮೂವತ್ತೆರಡು ಹೊತ್ತದ್ದಕ್ಕೆ ನಾಲ್ಕು, ಎಂಟಕ್ಕೆ ಒಂದರಂತೆ. ಉಳಿದ ಇಪ್ಪತ್ತೆಂಟು ಹೊರುವುದಕ್ಕೆ ಮೂರೂವರೆ, ಅದೂ ಎಂಟಕ್ಕೆ ಒಂದರಂತೆ. ಎರಡೂ ಸೇರಿ ಏಳೂವರೆ.

ಇದನ್ನು ಮೊದಲ ಸಲ ಬಿಡಿಸಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ಕಾಲು ಹಣ್ಣಿನ ವ್ಯತ್ಯಾಸ! ಆ ಕಾಲು ಹಣ್ಣಿಗಾಗಿ ಒಬ್ಬ ಆಚಾರ್ಯ ವರ್ಗಸಮೀಕರಣವನ್ನು ಕಟ್ಟಿ ವರ್ಗಮೂಲವನ್ನು ತೆಗೆದಿದ್ದಾನೆ. ತ್ರೈರಾಶಿಕದಿಂದ ಒಂದು ಸಾಲಿನಲ್ಲಿ ಮುಗಿಸಬಹುದಾಗಿದ್ದ ಲೆಕ್ಕ ಅದು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವನು ಹೊರೆಯನ್ನು ಹೊತ್ತವನ ಹೆಗಲಿನಿಂದ ನೋಡಿದ್ದಾನೆ. ಅವನನ್ನು ಕುರಿತು ಯಾವ ಶಾಸನವೂ ಹೇಳದ ಸಂಗತಿ ಇದು. ನನ್ನ ಚಿಕ್ಕತಾತ ಆ ವೇಳೆಗೆ ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಅವನ ಉಳಿದ ಉದಾಹರಣೆಗಳಲ್ಲಿಯೂ ಇಂಥ ಕಣ್ಣೇ ಕೆಲಸ ಮಾಡಿದೆ. ಜಿನಾಲಯಕ್ಕೆ ಹೂವು ಕೊಡುವ ಶ್ರಾವಕರು, ದಾರಿಯಲ್ಲಿ ಬಿದ್ದ ಹಣದ ಗಂಟನ್ನು ಕಂಡ ಮೂವರು ವರ್ತಕರು, ಹರಿದು ಚೆಲ್ಲಿದ ಮುತ್ತಿನ ಹಾರ, ತಾವರೆಯ ಮೇಲಿನ ದುಂಬಿಗಳು, ಕಾಡಿನ ಆನೆಗಳು. ಹಣ್ಣುಗಳಂತೂ ರಾಶಿ ರಾಶಿ: ಮಾವು, ಬಾಳೆ, ಮಾದಲ, ಬೇಲ, ದಾಳಿಂಬೆ. ಜೈನ ಸಾಧು ವೃತ್ತಿಯವನ ಬರವಣಿಗೆಯಲ್ಲಿ ಪ್ರಣಯಕಲಹಕ್ಕೂ ಜಾಗವಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಪಂಪನನ್ನೂ ಜನ್ನನನ್ನೂ ಓದಿದವರಿಗೆ ಆಗುವುದಿಲ್ಲ.

ತಪ್ಪಿಲ್ಲದವನೆಂದು ನಾನು ಅವನನ್ನು ಪೂಜಿಸುತ್ತಿಲ್ಲ. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವನು ಬರೆದನು. ಅದು ತಪ್ಪು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಹಾಗೆಯೇ ಬಿದ್ದಿರುತ್ತದಲ್ಲ ಎಂದು ಅವನು ಯೋಚಿಸಿದನೆಂದು ಕಾಣುತ್ತದೆ; ವ್ಯವಹಾರದಲ್ಲಿ ಅಷ್ಟು ಮುಳುಗಿದವನಿಗೆ ಸಹಜವಾದ ತಪ್ಪು. ಮೂರು ಶತಮಾನಗಳಾದ ಮೇಲೆ ಭಾಸ್ಕರಾಚಾರ್ಯನು ಆ ಭಾಗಲಬ್ಧವನ್ನು ಅನಂತವೆಂದು ಕರೆದನು. ಆದರೆ ಋಣಸಂಖ್ಯೆ ಸ್ವಭಾವದಿಂದ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರನು ಸ್ಪಷ್ಟವಾಗಿ ಕಂಡನು. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ವಿಧಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟನು. ಛೇದಗಳನ್ನು ಸಮ ಮಾಡಲು ನಾವು ಬಳಸುವ ಲಘುತಮ ಸಾಮಾನ್ಯ ಗುಣಕವನ್ನು ನಿರುದ್ಧವೆಂಬ ಹೆಸರಿನಿಂದ ಬಳಸಿದನು. ಐದನೆಯ ತರಗತಿಯ ಮಕ್ಕಳು ದಿನವೂ ಮಾಡುವ ಕೆಲಸ ಅದು.

ಅವನ ಗ್ರಂಥ ಅವನಿಗಿಂತ ದೀರ್ಘಾಯುವಾಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲಿಯೇ ಬರೆದು, ಸಂಸ್ಕೃತ ಬಾರದವರಿಗೂ ಲೆಕ್ಕದ ಬಾಗಿಲನ್ನು ತೆರೆದನು. ರಾಜಾದಿತ್ಯನ ಮಾತು ಬೇರೆಯೇ ಒಂದು ಲೇಖನಕ್ಕೆ ವಿಷಯ. ಆಮೇಲೆ ಗಣಿತಸಾರಸಂಗ್ರಹವು ಬಸದಿ ಮಠಗಳ ಕಪಾಟುಗಳಲ್ಲಿ ತಾಳೆಗರಿಯಾಗಿ ಮಲಗಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರೂ ಅಲ್ಲಿಯ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮುಖ್ಯಸ್ಥರೂ ಆಗಿದ್ದ ಎಂ. ರಂಗಾಚಾರ್ಯರು ಅದನ್ನು ಎಬ್ಬಿಸಿದರು. ಅವರಿಗೆ ನೆರವಾದ ಪ್ರತಿಗಳಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ್ದೊಂದು, ಮೂಡಬಿದಿರೆಯದೊಂದು. ಎರಡೂ ಕನ್ನಡ ಲಿಪಿಯವು. ಮೈಸೂರಿನ ಪ್ರತಿಯಲ್ಲಿ ವಲ್ಲಭನೆಂಬವನ ಕಿರಿದಾದ ಕನ್ನಡ ಟೀಕೆಯೂ ಇತ್ತು. 1908ರಲ್ಲಿ ರೋಮಿನಲ್ಲಿ ನಡೆದ ಗಣಿತಜ್ಞರ ಮಹಾಸಭೆಯಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಈ ಗ್ರಂಥವನ್ನು ಕುರಿತು ಮಾತನಾಡಿದರು. 1912ರಲ್ಲಿ ಮೂಲವೂ ಇಂಗ್ಲಿಷ್ ಅನುವಾದವೂ ಮದರಾಸಿನಲ್ಲಿ ಅಚ್ಚಾದವು. ನಮ್ಮ ಲಿಪಿಯ ಗರಿಗಳಿಂದ ಎದ್ದ ಪುಸ್ತಕ ನಮ್ಮ ಭಾಷೆಗೆ ಬರಲು ಇನ್ನೂ ಎಂಬತ್ತೆಂಟು ವರ್ಷ ಹಿಡಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜದ ಜೈನ ಮಠ ಪ್ರಕಟಿಸಿತು. ಆ ಹುಳುವಿನ ನಡಿಗೆ ನೆನಪಾಗುತ್ತದೆ.

ನಿವೃತ್ತಿಗೆ ಒಂದು ವರ್ಷ ಮುಂಚೆ ನಾನು ಹಲಸಿನ ಲೆಕ್ಕವನ್ನು ಹತ್ತನೆಯ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದೆ. ಒಬ್ಬರನ್ನು ಬಿಟ್ಟು ಮತ್ತೊಬ್ಬರು ಮೂರೂ ಮುಕ್ಕಾಲು ಎಂದರು. ನಾನು ಸುಮ್ಮನೆ, ಹೊರುವವನ ಹೆಗಲಿನ ಮೇಲೆ ಈಗ ಎಷ್ಟು ಹಣ್ಣಿದೆ ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತಿಗೆ ಕೊನೆಯ ಬೆಂಚಿನಿಂದ ಇಪ್ಪತ್ತೆಂಟು ಎಂಬ ಉತ್ತರ ಬಂತು. ಉಳಿದ ಅರ್ಧ ದಾರಿಗೆ ಮೂರೂವರೆ ಹಣ್ಣೆಂದು ನಾನು ಬರೆಯುತ್ತಿರುವಾಗ ತೂಬಗೆರೆ ಕಡೆಯ ಹುಡುಗನೊಬ್ಬ, ಸಾರ್, ಅರ್ಧ ಹಣ್ಣನ್ನು ಮನೆಗೆ ಹೊತ್ತುಕೊಂಡು ಹೋಗುವುದಕ್ಕಾಗುವುದಿಲ್ಲ, ಸಂತೆಯಲ್ಲೇ ಕೊಯ್ದು ತಿನ್ನಬೇಕು, ಕೈಗೆ ಹಚ್ಚಿಕೊಳ್ಳುವ ಎಣ್ಣೆ ಯಾರದು ಎಂದು ಕೇಳಿದನು. ಗಂಟೆ ಹೊಡೆಯುವವರೆಗೂ ತರಗತಿ ಅದನ್ನೇ ಚರ್ಚಿಸಿತು.